ಮರುದಿನ ಬೆಳಿಗ್ಗೆ ಹಿಮ್ಮಡಿ ಏನು ಹೇಳುತ್ತದೆ?

ಎರಡು ವರ್ಷದ ಹಿಂದೆ ನನ್ನ ಬಲಗಾಲಿನ ಹಿಮ್ಮಡಿಯ ಹಿಂಭಾಗದಲ್ಲಿ ನೋವು ಶುರುವಾಯಿತು. ಬಿದ್ದಿರಲಿಲ್ಲ, ಕಾಲು ಉಳುಕಿರಲಿಲ್ಲ. ತುಂಬ ದಿನ ಬಿಟ್ಟಿದ್ದ ಓಟವನ್ನು ಮತ್ತೆ ಶುರು ಮಾಡಿ, ಎರಡೇ ವಾರದಲ್ಲಿ ದೂರವನ್ನು ಎರಡು ಪಟ್ಟು ಮಾಡಿದ್ದೆ, ಅಷ್ಟೇ. ಬೆಳಿಗ್ಗೆ ಎದ್ದ ಕೂಡಲೇ ಮೊದಲ ಹತ್ತು ಹೆಜ್ಜೆ ಕುಂಟುತ್ತಿದ್ದೆ, ಆಮೇಲೆ ಸರಿಹೋಗುತ್ತಿತ್ತು. ಸ್ವಲ್ಪ ದಿನ ಕಾಲಿಗೆ ವಿಶ್ರಾಂತಿ ಕೊಡೋಣ ಅಂತ ಓಟ ನಿಲ್ಲಿಸಿದೆ. ನೋವು ಹೋಯಿತು. ಓಡಿದೆ, ನೋವು ಬಂತು. ಮತ್ತೆ ನಿಲ್ಲಿಸಿದೆ. ಹೀಗೇ ಏಳು ತಿಂಗಳು ಕಳೆಯಿತು, ಮತ್ತು ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಕಡಿಮೆ ದೂರಕ್ಕೇ ನೋವು ಬರತೊಡಗಿತು.

ಈ ಸುತ್ತು ಯಾಕೆ ಮುಗಿಯುತ್ತಿಲ್ಲ ಅಂತ ಅರ್ಥವಾಗಿದ್ದು ಒಬ್ಬ ಫಿಸಿಯೋಥೆರಪಿಸ್ಟ್ ಬಿಡಿಸಿ ಹೇಳಿದ ಮೇಲೆ. ಸುಮ್ನೆ ಕೂತಷ್ಟು ದಿನವೂ ನೋವು ಇಳಿಯುತ್ತಿತ್ತು, ನಿಜ. ಆದರೆ ಅದರ ಜೊತೆಗೇ ಕಾಲಿನ ತಾಕತ್ತೂ ಇಳಿಯುತ್ತಿತ್ತು. ನಾನು ಮಾತ್ರ ಪ್ರತಿ ಸಲ ಹಳೆಯ ತಾಕತ್ತು ಹಾಗೇ ಇದೆ ಅಂದುಕೊಂಡು ಓಡುತ್ತಿದ್ದೆ.

ಹಿಮ್ಮಡಿಯ ಹಿಂದೆ ಬೆರಳಿಟ್ಟು ನೋಡಿ, ಒಂದು ದಪ್ಪ ಹುರಿ ಸಿಗುತ್ತದೆ. ಅದೇ ಅಕಿಲಿಸ್ ಟೆಂಡನ್. ಮೀನಖಂಡದ ಸ್ನಾಯುವನ್ನು ಹಿಮ್ಮಡಿಯ ಮೂಳೆಗೆ ಕಟ್ಟಿಹಾಕುವ ಹಗ್ಗ ಅದು. ಓಡುವಾಗ ಪ್ರತಿ ಹೆಜ್ಜೆಯಲ್ಲೂ ನಮ್ಮ ದೇಹದ ತೂಕದ ಹಲವು ಪಟ್ಟು ಬಲ ಈ ಒಂದು ಹಗ್ಗದ ಮೇಲೆ ಬೀಳುತ್ತದೆ. ಇದು ನೋಯತೊಡಗಿದರೆ ಬೇಗ ಬಿಡುವುದಿಲ್ಲ. ಒಂದು ಕಾಲದಲ್ಲಿ ಇದಕ್ಕೆ ವಿಶ್ರಾಂತಿ, ಉರಿಯೂತ ತಗ್ಗಿಸುವ ಮಾತ್ರೆ, ಅದೂ ಆಗದಿದ್ದರೆ ಆಪರೇಷನ್ ಅಂತಲೇ ಲೆಕ್ಕ.

ಆ ಲೆಕ್ಕವನ್ನು ಬದಲಿಸಿದವರು ಹೋಕನ್ ಆಲ್ಫ್ರೆಡ್‌ಸನ್ ಎಂಬ ಸ್ವೀಡನ್ನಿನ ಮೂಳೆ ತಜ್ಞ. ಅವರಿಗೇ ಹಿಮ್ಮಡಿ ನೋವಿತ್ತು. ಆಪರೇಷನ್ ಮಾಡಿಸಿಕೊಳ್ಳಬೇಕು ಅಂದುಕೊಂಡರು, ಆದರೆ ಅವರ ಮೇಲಧಿಕಾರಿ ಒಪ್ಪಲಿಲ್ಲ. ಹಾಗಾದರೆ ಟೆಂಡನ್ ಹರಿದೇ ಹೋಗಲಿ, ಆಗ ಆಪರೇಷನ್ ಮಾಡಲೇಬೇಕಾಗುತ್ತದೆ ಅಂತ ಅವರು ನೋಯುವ ಕಾಲಿಗೆ ಬೇಕಂತಲೇ ಭಾರ ಹಾಕತೊಡಗಿದರಂತೆ. ಹರಿಯಲಿಲ್ಲ. ನೋವೇ ವಾಸಿಯಾಯಿತು! 1998ರಲ್ಲಿ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ ಇದ್ದದ್ದು ಬರೀ 15 ಮಂದಿ ಹವ್ಯಾಸಿ ಓಟಗಾರರು. ಎಲ್ಲರಿಗೂ ಹಳೆಯ ನೋವು, ಬೇರೆ ಚಿಕಿತ್ಸೆಗಳಿಂದ ಯಾರಿಗೂ ಗುಣ ಕಂಡಿರಲಿಲ್ಲ. 12 ವಾರ ವ್ಯಾಯಾಮ ಮಾಡಿದ ಮೇಲೆ ಹದಿನೈದೂ ಜನ ಮೊದಲಿನಂತೆ ಓಡತೊಡಗಿದರು.

ವ್ಯಾಯಾಮವೂ ಸರಳ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಊರಿ ನಿಲ್ಲಬೇಕು. ನೋವಿಲ್ಲದ ಕಾಲಿನಿಂದ ಮೇಲೇಳಬೇಕು, ಭಾರವನ್ನು ನೋಯುವ ಕಾಲಿಗೆ ದಾಟಿಸಬೇಕು, ಆಮೇಲೆ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ನಿಧಾನವಾಗಿ ಇಳಿಸಬೇಕು. ಮಂಡಿ ನೆಟ್ಟಗಿಟ್ಟು 15 ಸಲದಂತೆ ಮೂರು ಸೆಟ್, ಮಂಡಿ ಸ್ವಲ್ಪ ಬಗ್ಗಿಸಿ ಇನ್ನು ಮೂರು ಸೆಟ್, ಇದು ದಿನಕ್ಕೆ ಎರಡು ಹೊತ್ತು. ಒಟ್ಟು 180 ಸಲ. ನೋವಿಲ್ಲದೆ ಮಾಡಲು ಬಂದಾಗ ಬೆನ್ನಿನ ಬ್ಯಾಗಿಗೆ ತೂಕ ಸೇರಿಸುತ್ತಾ ಹೋಗಬೇಕು. ಮುಂದೆ ಬೇರೆ ತಂಡಗಳು ವಾರಕ್ಕೆ ಮೂರೇ ದಿನ, ಆದರೆ ಹೆಚ್ಚು ಭಾರ ಹಾಕಿ ನಿಧಾನವಾಗಿ ಏಳಿಸಿ ಇಳಿಸಿದರೂ ಅಷ್ಟೇ ಫಲ ಸಿಗುತ್ತದೆ ಅಂತ ತೋರಿಸಿದವು. ಎಲ್ಲರಿಗೂ ಪೂರ್ತಿ ಗುಣವಾಗುತ್ತದೆ ಅಂತಲ್ಲ. ಆ ಹದಿನೈದು ಜನರಿಗೆ ಸಿಕ್ಕಷ್ಟು ಚೆಂದದ ಫಲಿತಾಂಶ ಆಮೇಲೆ ಎಲ್ಲ ಕಡೆ ಸಿಗಲೂ ಇಲ್ಲ. ಆದರೂ ಇವತ್ತು ಈ ನೋವಿಗೆ ಜಗತ್ತಿನಲ್ಲಿ ಎಲ್ಲಿ ಹೋದರೂ ಮೊದಲು ಹೇಳುವ ಚಿಕಿತ್ಸೆ ಅಂದರೆ ಭಾರ ಹೊರಿಸುವುದೇ.

ಭಾರ ಹಾಕಿದರೆ ಟೆಂಡನ್ ಒಳಗೆ ಏನಾಗುತ್ತದೆ? ಹಳೆಯದು ಹೋಗಿ ಹೊಸದು ಹುಟ್ಟುತ್ತದೆ ಅಂತ ನಾನು ಅಂದುಕೊಂಡಿದ್ದೆ. ಡೆನ್ಮಾರ್ಕಿನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದಾಗ ಆ ನಂಬಿಕೆ ಹೋಯಿತು. 1950ರ ದಶಕದ ನಡುವಿನಿಂದ 1963ರವರೆಗೆ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣ ಸೂಸುವ ಇಂಗಾಲದ ಪ್ರಮಾಣ ಹೆಚ್ಚುಕಡಿಮೆ ಎರಡು ಪಟ್ಟಾಯಿತು, ಆಮೇಲೆ ನಿಧಾನವಾಗಿ ಇಳಿಯುತ್ತಾ ಬಂತು. ಅದು ಗಿಡಗಳ ಮೂಲಕ, ಊಟದ ಮೂಲಕ ಎಲ್ಲರ ಮೈಯೊಳಗೂ ಸೇರಿತು. ಹಾಗಾಗಿ ಮೈಯ ಯಾವ ಭಾಗದಲ್ಲಿ ಎಷ್ಟು ಕಾರ್ಬನ್-14 ಇದೆ ಅಂತ ಅಳೆದರೆ ಆ ಭಾಗ ಯಾವ ವರ್ಷ ಕಟ್ಟಿದ್ದು ಅಂತ ಹೇಳಬಹುದು. ಸ್ನಾಯು ಆಗಾಗ ಹೊಸದಾಗುತ್ತಲೇ ಇರುತ್ತದೆ. ಅಕಿಲಿಸ್ ಟೆಂಡನ್ನಿನ ತಿರುಳು ಮಾತ್ರ ಹಾಗಲ್ಲ. ಸುಮಾರು 17ನೇ ವಯಸ್ಸಿನವರೆಗೆ ಕಟ್ಟಿದ್ದೇ ಕೊನೆಯವರೆಗೂ ಇರುತ್ತದೆ. ಅಂದರೆ ನಾನು ಈಗ ನಿಂತಿರುವುದು ಪಿಯುಸಿ ಹೊತ್ತಿಗೆ ಕಟ್ಟಿ ಮುಗಿದ ಹಗ್ಗದ ಮೇಲೆ. ಇದನ್ನು ಓದಿದ ದಿನ ನನಗೆ ಬಹಳ ಹೊತ್ತು ಬೇರೆ ಯೋಚನೆಯೇ ಬರಲಿಲ್ಲ.

ಹಾಗಾದರೆ ವ್ಯಾಯಾಮದಿಂದ ಬದಲಾಗುವುದು ಏನು? ಟೆಂಡನ್ ಹೆಚ್ಚು ಬಿಗಿಯಾಗುತ್ತದೆ, ಅದನ್ನು ಎಳೆಯುವ ಸ್ನಾಯು ಬಲಿಯುತ್ತದೆ, ಸ್ನಾಯುವನ್ನು ನಡೆಸುವ ನರಗಳು ಹೊಸದಾಗಿ ಪಳಗುತ್ತವೆ. ಮೊದಲ ಕೆಲವು ವಾರಗಳಲ್ಲಿ ಬರುವ ಶಕ್ತಿ ಹೆಚ್ಚಾಗಿ ಈ ನರಗಳ ಪಳಗುವಿಕೆಯಿಂದಲೇ ಬರುತ್ತದೆ, ಸ್ನಾಯು ದಪ್ಪವಾಗುವುದು ಆಮೇಲೆ. ಇನ್ನೊಂದು ವಿಷಯ. ನೋವು ಪೂರ್ತಿ ಹೋದ ಮೇಲೂ ಎಷ್ಟೋ ಜನರ ಟೆಂಡನ್ ಸ್ಕ್ಯಾನಿನಲ್ಲಿ ಮೊದಲಿನ ಹಾಗೇ ಕೆಟ್ಟದಾಗಿ ಕಾಣುತ್ತದೆ.

ಸ್ಕ್ಯಾನ್ ಬೇರೆ, ನೋವು ಬೇರೆ. ಇದನ್ನು ನಾನು ಸ್ವಲ್ಪ ಒತ್ತಿ ಹೇಳಬೇಕು, ಯಾಕೆಂದರೆ ಎಂಆರ್‌ಐ ವರದಿಯನ್ನು ಕೈಯಲ್ಲಿ ಹಿಡಿದು ಹೆದರಿ ಕೂತವರನ್ನು ತುಂಬ ನೋಡಿದ್ದೇನೆ. ಬೆನ್ನನ್ನೇ ತೆಗೆದುಕೊಳ್ಳಿ. 2015ರಲ್ಲಿ ಬಂದ ಒಂದು ವಿಮರ್ಶೆ ಬೆನ್ನಿನ ಸ್ಕ್ಯಾನ್ ಮಾಡಿದ 33 ಅಧ್ಯಯನಗಳನ್ನು ಒಟ್ಟುಗೂಡಿಸಿತು. ಅದರಲ್ಲಿದ್ದ 3110 ಜನರಲ್ಲಿ ಯಾರಿಗೂ ಬೆನ್ನು ನೋವಿರಲಿಲ್ಲ. ಆದರೂ ಇಪ್ಪತ್ತರ ವಯಸ್ಸಿನವರಲ್ಲೇ ಶೇ 37 ಮಂದಿಗೆ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಸವೆದಿತ್ತು, ಎಂಬತ್ತರವರಲ್ಲಿ ಶೇ 96. ಡಿಸ್ಕ್ ಉಬ್ಬಿದ್ದು ಇಪ್ಪತ್ತರವರಲ್ಲಿ ಶೇ 30, ಎಂಬತ್ತರವರಲ್ಲಿ ಶೇ 84. ತಲೆಕೂದಲು ನರೆತ ಹಾಗೆ ಇದೂ ವಯಸ್ಸಿನ ಗುರುತು. ಹಾಗಂತ ಸ್ಕ್ಯಾನ್ ಬೇಡವೇ ಬೇಡ ಅಂತಲ್ಲ. ವರದಿಯಲ್ಲಿ 'ಸವೆತ' ಅನ್ನುವ ಪದ ಕಂಡ ಮಾತ್ರಕ್ಕೆ ನೋವಿಗೆ ಅದೇ ಕಾರಣ ಅಂತ ತೀರ್ಮಾನಿಸಬೇಡಿ, ಬಗ್ಗಿದರೆ ಬೆನ್ನು ಮುರಿಯುತ್ತದೆ ಅಂತಂತೂ ಅಂದುಕೊಳ್ಳಲೇಬೇಡಿ.

ಮಂಡಿಯದ್ದೂ ಇದೇ ಕತೆ. ಫಿನ್ಲೆಂಡಿನಲ್ಲಿ ಮಂಡಿಯ ಒಳಗಿನ ಮೆನಿಸ್ಕಸ್ ಎಂಬ ಮೆತ್ತೆ ಸವೆದು ಹರಿದಿದ್ದ 146 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಿಜವಾದ ಆಪರೇಷನ್, ಇನ್ನೊಂದು ಗುಂಪಿಗೆ ಮೇಲೆ ಗಾಯ ಮಾಡಿ ಒಳಗೆ ಏನನ್ನೂ ಕತ್ತರಿಸದ ಹುಸಿ ಆಪರೇಷನ್. ಯಾರಿಗೆ ಯಾವುದು ಅಂತ ರೋಗಿಗಳಿಗೆ ಗೊತ್ತಿರಲಿಲ್ಲ. ಒಂದು ವರ್ಷದ ನಂತರ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಸುಧಾರಿಸಿದ್ದರು. ಇದು 2013ರಲ್ಲಿ ಪ್ರಕಟವಾಯಿತು.

ನೋವು ಅಂದರೆ ಗಾಯದ ಅಳತೆಗೋಲಲ್ಲ ಅನ್ನುವುದಕ್ಕೆ ವೈದ್ಯರು ಬಹಳ ಸಲ ನೆನೆಸಿಕೊಳ್ಳುವ ಪ್ರಸಂಗ ಒಂದಿದೆ. 1995ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾಗಿದ್ದು. ಕಟ್ಟಡ ಕೆಲಸದ 29 ವರ್ಷದ ಒಬ್ಬರು ಮೇಲಿಂದ ಜಿಗಿದಾಗ 15 ಸೆಂಟಿಮೀಟರ್ ಉದ್ದದ ಮೊಳೆ ಬೂಟನ್ನು ತೂರಿ ಮೇಲಕ್ಕೆ ಬಂತು. ಮೊಳೆ ಸ್ವಲ್ಪ ಅಲುಗಿದರೂ ಸಹಿಸಲಾಗದ ನೋವು, ಪ್ರಬಲವಾದ ನೋವುನಿವಾರಕವನ್ನೇ ಕೊಡಬೇಕಾಯಿತು. ಬೂಟು ಬಿಚ್ಚಿ ನೋಡಿದರೆ ಮೊಳೆ ಎರಡು ಬೆರಳುಗಳ ನಡುವೆ ಹಾದುಹೋಗಿತ್ತು, ಕಾಲಿಗೆ ಒಂದು ಗೀರೂ ಆಗಿರಲಿಲ್ಲ. ಆ ಮನುಷ್ಯ ನಾಟಕ ಆಡಿದ್ದಲ್ಲ, ಅವರು ಅನುಭವಿಸಿದ್ದು ನಿಜವಾದ ನೋವೇ. ಕಣ್ಣು ಕಂಡಿದ್ದನ್ನು, ಹಿಂದೆ ಅನುಭವಿಸಿದ್ದನ್ನು, ಕಾಲಿನಿಂದ ಬಂದ ಸುದ್ದಿಯನ್ನು ಎಲ್ಲ ಸೇರಿಸಿ ಮಿದುಳು ಅಪಾಯವಿದೆ ಅಂತ ನಿರ್ಧರಿಸಿತು. ತಿಂಗಳುಗಟ್ಟಲೆ ಉಳಿದ ನೋವಿನಲ್ಲಿ ಈ ಎಚ್ಚರಿಕೆಯ ಗಂಟೆ ಸಣ್ಣ ಕಾರಣಕ್ಕೂ ಜೋರಾಗಿ ಬಾರಿಸತೊಡಗುತ್ತದೆ. ಹೆದರದೆ, ಅಳತೆ ಮೀರದೆ ಮಾಡಿದ ಚಲನೆ ಅದನ್ನು ದಿನದಿಂದ ದಿನಕ್ಕೆ ಸಮಾಧಾನ ಮಾಡುತ್ತದೆ.

ಹಾಗಾದರೆ ವಿಶ್ರಾಂತಿ? ಅದಕ್ಕೂ ಜಾಗವಿದೆ, ಆದರೆ ಚಿಕ್ಕ ಜಾಗ. 1986ರಲ್ಲಿ ಅಮೆರಿಕದಲ್ಲಿ ಸೊಂಟ ನೋವಿನ 203 ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಿರಲು ಹೇಳಿ ನೋಡಿದರು. ಎರಡು ದಿನದವರು ಕೆಲಸಕ್ಕೆ ರಜೆ ಹಾಕಿದ್ದು ಶೇ 45ರಷ್ಟು ಕಡಿಮೆ, ಉಳಿದ ಯಾವ ವಿಷಯದಲ್ಲೂ ಅವರಿಗೆ ನಷ್ಟವಾಗಲಿಲ್ಲ. 1995ರಲ್ಲಿ ಫಿನ್ಲೆಂಡಿನವರು ಮಲಗುವವರು, ವ್ಯಾಯಾಮ ಮಾಡುವವರು, ಆದಷ್ಟು ದಿನನಿತ್ಯದ ಕೆಲಸ ಮಾಡಿಕೊಂಡಿರುವವರು ಅಂತ ಮೂರು ಗುಂಪು ಮಾಡಿದರು. ಹೊಸದಾಗಿ ಬಂದ ಸೊಂಟ ನೋವಿನಲ್ಲಿ ಎಲ್ಲರಿಗಿಂತ ಬೇಗ ಚೇತರಿಸಿಕೊಂಡವರು ಮೂರನೇ ಗುಂಪಿನವರು, ವ್ಯಾಯಾಮದವರಲ್ಲ. ಹಾಗಾಗಿ ನೋವು ಬಂದ ಮೊದಲ ವಾರವೇ ಯಾರೋ ಹೇಳಿದ ಹತ್ತು ವ್ಯಾಯಾಮ ಹಿಡಿದು ಕೂರಬೇಕಿಲ್ಲ. ಓಡಾಡಿಕೊಂಡಿದ್ದರೆ ಸಾಕು.

ಮಲಗುವುದರಿಂದ ಮೈಗೆ ಏನಾಗುತ್ತದೆ ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಬಾಹ್ಯಾಕಾಶ ಸಂಸ್ಥೆಗಳಿಗೆ. ಗಗನಯಾತ್ರಿಗಳ ಸ್ನಾಯು, ಮೂಳೆ ಹೇಗೆ ಕರಗುತ್ತವೆ ಅಂತ ನೆಲದ ಮೇಲೇ ತಿಳಿಯಲು ಅವರು ಆರೋಗ್ಯವಂತರನ್ನು ತಲೆ 6 ಡಿಗ್ರಿ ತಗ್ಗಿಸಿ ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸುತ್ತಾರೆ. ಬಾಹ್ಯಾಕಾಶ ನಿಲ್ದಾಣದಲ್ಲಿರುವ ಗಗನಯಾತ್ರಿಗಳು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡುವುದೂ ಇದಕ್ಕಾಗಿಯೇ.

ಈಗ ಎಲ್ಲರೂ ಕೇಳುವ ಪ್ರಶ್ನೆ. ನೋವಿದ್ದರೂ ಮಾಡಬಹುದಾ? ಎಷ್ಟು ನೋವು ಸರಿ? ಇದಕ್ಕೆ ಸ್ವೀಡನ್ನಿನ ಫಿಸಿಯೋಥೆರಪಿಸ್ಟ್‌ಗಳು ಒಂದು ಚೆಂದದ ಅಳತೆ ಮಾಡಿಟ್ಟಿದ್ದಾರೆ. ಸೊನ್ನೆ ಅಂದರೆ ನೋವಿಲ್ಲ, ಹತ್ತು ಅಂದರೆ ಇದಕ್ಕಿಂತ ಹೆಚ್ಚು ಊಹಿಸಲಾಗದ ನೋವು. ವ್ಯಾಯಾಮದ ಹೊತ್ತಿನಲ್ಲಿ ಐದರವರೆಗೆ ಬರಬಹುದು. ಮುಗಿದ ಮೇಲೂ ಐದು ದಾಟಬಾರದು. ಮುಖ್ಯವಾದದ್ದು ಮರುದಿನ ಬೆಳಿಗ್ಗೆ: ನೋವು, ಬಿಗಿತ ಇಳಿದಿರಬೇಕು, ಮತ್ತು ವಾರದಿಂದ ವಾರಕ್ಕೆ ಏರಬಾರದು. ಏರಿದರೆ ನಿಲ್ಲಿಸುವುದಲ್ಲ, ಭಾರ ಇಳಿಸುವುದು. 2007ರ ಅಧ್ಯಯನವೊಂದರಲ್ಲಿ ಹಿಮ್ಮಡಿ ನೋವಿನ ಕೆಲವರಿಗೆ ಈ ಅಳತೆಯೊಳಗೆ ಓಟ, ಜಿಗಿತ ಮುಂದುವರಿಸಲು ಬಿಟ್ಟರು, ಉಳಿದವರಿಗೆ ಆರು ವಾರ ಅವನ್ನು ಬಿಡಿಸಿದರು. ವ್ಯಾಯಾಮ ಎಲ್ಲರದೂ ಒಂದೇ. ಓಡಿದವರು ಓಡದವರಷ್ಟೇ ಸುಧಾರಿಸಿದರು.

ನನಗೆ ಈ ಬೆಳಗಿನ ಪರೀಕ್ಷೆ ಇಷ್ಟವಾಗಲು ಕಾರಣವಿದೆ. ವ್ಯಾಯಾಮ ಮಾಡುವಾಗ ಮೈ ಬಿಸಿಯಾಗಿರುತ್ತದೆ, ಹುರುಪು ಇರುತ್ತದೆ, ಜಾಸ್ತಿ ಆಗಿದ್ದು ಗೊತ್ತಾಗುವುದೇ ಇಲ್ಲ. ಬೆಳಿಗ್ಗೆ ಮೊದಲ ಹತ್ತು ಹೆಜ್ಜೆಗಳು ನಿನ್ನೆಯ ಲೆಕ್ಕವನ್ನು ಸರಿಯಾಗಿ ಹೇಳುತ್ತವೆ. ನಾನು ಒಂದು ಪುಸ್ತಕದಲ್ಲಿ ದಿನಾ ಒಂದು ಅಂಕಿ ಬರೆದಿಟ್ಟೆ: 4, 4, 3, 5, 3. ಐದು ಬಂದ ದಿನ ಹಿಂದಿನ ದಿನ ಏನು ಮಾಡಿದ್ದೆ ಅಂತ ನೋಡುತ್ತಿದ್ದೆ. ಹೆಚ್ಚಿನ ಸಲ ಕಾರಣ ಹೆಚ್ಚು ಓಡಿದ್ದಲ್ಲ, ಎರಡು ದಿನ ಏನೂ ಮಾಡದೆ ಮೂರನೇ ದಿನ ಎಲ್ಲವನ್ನೂ ಒಟ್ಟಿಗೆ ಮಾಡಿದ್ದು.

ವ್ಯಾಯಾಮದ ನಂತರ ಒಂದೆರಡು ದಿನ ಕಾಡುವ ಮೈಕೈ ನೋವಿಗೆ ಹೆದರಬೇಕಿಲ್ಲ, ಅಲ್ವಾ? ವ್ಯಾಯಾಮದ ಹೊತ್ತಿನಲ್ಲಿ ಸ್ನಾಯುವಿನಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಸಿಡ್ ಅದಕ್ಕೆ ಕಾರಣ ಅಂತ ಈಗಲೂ ಹೇಳುವವರಿದ್ದಾರೆ. ಆದರೆ ಆ ಆಸಿಡ್ ವ್ಯಾಯಾಮ ಮುಗಿದ ಒಂದೆರಡು ಗಂಟೆಯೊಳಗೆ ರಕ್ತದಿಂದ ಹೋಗಿಬಿಟ್ಟಿರುತ್ತದೆ. ಈ ನೋವಿಗೆ ಕಾರಣ ಅಭ್ಯಾಸವಿಲ್ಲದ ಸ್ನಾಯುವಿನಲ್ಲಿ ಆಗುವ ಸಣ್ಣ ಸಣ್ಣ ಹಾನಿ ಮತ್ತು ಅದರ ದುರಸ್ತಿ. ಅದೇ ಕೆಲಸ ಮತ್ತೆ ಮಾಡಿದಾಗ ನೋವು ಕಡಿಮೆ. ಸ್ನಾಯುವನ್ನು ಎಳೆದು ಹಿಗ್ಗಿಸುವ ಸ್ಟ್ರೆಚಿಂಗ್‌ನಿಂದ ಈ ನೋವು ಹೇಳಿಕೊಳ್ಳುವಷ್ಟು ತಗ್ಗುವುದಿಲ್ಲ.

ಕೆಲವು ಲಕ್ಷಣಗಳಿಗೆ ಮಾತ್ರ ಈ ಯಾವ ಮಾತೂ ಅನ್ವಯಿಸುವುದಿಲ್ಲ. ಸೊಂಟ ನೋವಿನ ಜೊತೆ ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪಿದರೆ, ಕಾಲು ದಿನೇ ದಿನೇ ಸೋಲುತ್ತಿದ್ದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹೇಗೆ ಮಲಗಿದರೂ ಬಿಡದ ರಾತ್ರಿ ನೋವು, ಹಿಂದೆ ಕ್ಯಾನ್ಸರ್ ಬಂದಿದ್ದು, ಜೋರಾಗಿ ಬಿದ್ದ ಮೇಲೆ ಬಂದ ನೋವು, ಇವಿದ್ದರೆ ಮೊದಲು ವೈದ್ಯರು ನೋಡಲಿ.

'ನಮಗೆ ವಯಸ್ಸಾಯಿತು, ಈಗ ಭಾರ ಎತ್ತಿ ಏನಾಗಬೇಕು' ಅನ್ನುವವರಿಗೆ ನಾನು ಯಾವಾಗಲೂ 1990ರ ಒಂದು ಅಧ್ಯಯನದ ಬಗ್ಗೆ ಹೇಳುತ್ತೇನೆ. ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಸರಾಸರಿ 90 ವಯಸ್ಸಿನ ಹತ್ತು ಜನರಿಗೆ ಕಾಲಿನ ಭಾರ ಎತ್ತುವ ತರಬೇತಿ ಕೊಟ್ಟರು, ಹಗುರದ್ದಲ್ಲ, ಅವರವರ ಶಕ್ತಿಗೆ ತಕ್ಕಂತೆ ನಿಜವಾಗಿ ಭಾರವಾದದ್ದು. ಒಂಬತ್ತು ಜನ ಎಂಟು ವಾರ ಪೂರೈಸಿದರು. ಅವರ ಕಾಲಿನ ಶಕ್ತಿ ಸರಾಸರಿ ಶೇ 174ರಷ್ಟು ಹೆಚ್ಚಿತು.

ನನ್ನ ಪುಸ್ತಕದಲ್ಲಿ ಹದಿನಾಲ್ಕನೇ ವಾರದಿಂದ ಬರೀ ಸೊನ್ನೆ, ಒಂದು. ಇಪ್ಪತ್ತನೇ ವಾರದ ಹೊತ್ತಿಗೆ ಬರೆಯುವುದೇ ಮರೆತುಹೋಗಿತ್ತು. ಈಗಲೂ ವಾರಕ್ಕೆ ಎರಡು ಸಲ ಮೆಟ್ಟಿಲ ಅಂಚಿನಲ್ಲಿ ನಿಲ್ಲುತ್ತೇನೆ, ಬೆನ್ನಿನ ಬ್ಯಾಗಿನಲ್ಲಿ ಹನ್ನೆರಡು ಕೆಜಿ ಇರುತ್ತದೆ.