ಗರ್ಭಕೋಶ ಜಾರುವುದು: ಹೆರಿಗೆಯ ಪೆಟ್ಟು, ಜೀವಕೋಶದ ಮುಪ್ಪು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಶಿವಮೊಗ್ಗಕ್ಕೆ ತಪಾಸಣೆಗೆ ಬರುವ ಐವತ್ತು ದಾಟಿದ ಮಹಿಳೆಯರಲ್ಲಿ ಅನೇಕರು ಬೆನ್ನುನೋವು, ಸುಸ್ತು ಎಂದೇ ಮಾತು ಆರಂಭಿಸುತ್ತಾರೆ. ಜೊತೆಗೆ ಬಂದ ಗಂಡನೋ ಮಗನೋ ಹೊರಗೆ ಹೋದ ಮೇಲೆಯೇ ನಿಜವಾದ ತೊಂದರೆ ಬಾಯಿಗೆ ಬರುತ್ತದೆ: ಕೆಮ್ಮಿದರೆ ಮೂತ್ರ ಹೋಗುತ್ತದೆ, ಸಂಜೆಯ ಹೊತ್ತಿಗೆ ಕೆಳಗೆ ಏನೋ ಇಳಿದು ಬಂದ ಹಾಗೆ ಭಾರವಾಗುತ್ತದೆ, ಸ್ನಾನ ಮಾಡುವಾಗ ಗಡ್ಡೆಯಂಥದ್ದು ಕೈಗೆ ಸಿಗುತ್ತದೆ. ಇಷ್ಟು ವರ್ಷ ಏಕೆ ಸುಮ್ಮನಿದ್ದಿರಿ ಎಂದು ಕೇಳಿದರೆ, ‘ವಯಸ್ಸಾಯಿತಲ್ಲ, ಇದ್ದದ್ದೇ’ ಎನ್ನುತ್ತಾರೆ. ಗರ್ಭಕೋಶ, ಅದರ ಅಕ್ಕಪಕ್ಕದ ಅಂಗಗಳು ಕೆಳಗೆ ಜಾರುವ ಈ ತೊಂದರೆಯಲ್ಲಿ ವಯಸ್ಸಿನ ಪಾತ್ರ ಇರುವುದು ನಿಜ. ಆದರೆ ವಯಸ್ಸು ಆ ಜಾಗದ ಅಂಗಾಂಶಕ್ಕೆ ಏನು ಮಾಡುತ್ತದೆ ಎಂಬುದನ್ನು ಅರಿತರೆ, ಎಲ್ಲವನ್ನೂ ‘ಇದ್ದದ್ದೇ’ ಎಂದು ಸಹಿಸಿಕೊಳ್ಳಬೇಕಾಗಿಲ್ಲ ಎಂಬುದೂ ತಿಳಿಯುತ್ತದೆ.

ಸೊಂಟದ ಮೂಳೆಗಳ ನಡುವಿನ ತಳಭಾಗದಲ್ಲಿ ಲಿವೇಟರ್ ಏನೈ ಎಂಬ ಸ್ನಾಯುಗಳು ಹರಡಿಕೊಂಡಿವೆ. ಗರ್ಭಕೋಶ, ಮೂತ್ರಕೋಶ ಮತ್ತು ಮಲಾಶಯವನ್ನು ಕೆಳಗಿನಿಂದ ಎತ್ತಿ ಹಿಡಿಯುವ ಈ ಸ್ನಾಯುಗಳು ನಾವು ಮಲಗಿದಾಗಲೂ ಪೂರ್ತಿ ಸಡಿಲವಾಗುವುದಿಲ್ಲ. ಮೇಲಿನಿಂದ ಹಿಡಿದು ನಿಲ್ಲಿಸುವುದು ಗಟ್ಟಿ ನಾರಿನ ಪಟ್ಟಿಗಳಾದ ಲಿಗಮೆಂಟುಗಳು; ಅವುಗಳಲ್ಲಿ ಮುಖ್ಯವಾದದ್ದು ಗರ್ಭಕೋಶದ ಕೊರಳಿನಿಂದ ಬೆನ್ನಿನ ತಳದ ತ್ರಿಕಾಸ್ಥಿಯವರೆಗೆ ಹೋಗುವ ಯೂಟೆರೋಸೇಕ್ರಲ್ ಲಿಗಮೆಂಟ್. ಸ್ನಾಯು ಸೋತಾಗ ಹೊರೆಯೆಲ್ಲ ಲಿಗಮೆಂಟಿನ ಮೇಲೆ ಬೀಳುತ್ತದೆ, ವರ್ಷಾನುಗಟ್ಟಲೆ ಬಿದ್ದರೆ ಅದೂ ನಿಧಾನವಾಗಿ ಹಿಗ್ಗುತ್ತದೆ. ಲಿಗಮೆಂಟಿನಲ್ಲಿ ಎರಡು ಬಗೆಯ ಪ್ರೋಟೀನ್ ಎಳೆಗಳಿವೆ: ಗಟ್ಟಿತನ ಕೊಡುವುದು ಕೊಲಾಜೆನ್, ಹಿಗ್ಗಿದ ಮೇಲೆ ಮರಳಿ ಕುಗ್ಗುವ ಗುಣ ಕೊಡುವುದು ಎಲಾಸ್ಟಿನ್. ಎರಡನ್ನೂ ತಯಾರಿಸಿ, ಸವೆದಲ್ಲಿ ದುರಸ್ತಿ ಮಾಡುವುದು ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶ. ಈ ದುರಸ್ತಿ ಎಷ್ಟು ಮುಖ್ಯ ಎಂಬುದನ್ನು 2004ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು: ಎಲಾಸ್ಟಿನ್ ಎಳೆಗಳನ್ನು ಹೆಣೆಯಲು ಬೇಕಾದ ಎಲ್‌ಒಎಕ್ಸ್‌ಎಲ್–1 ಎಂಬ ಕಿಣ್ವವಿಲ್ಲದ ಹೆಣ್ಣು ಇಲಿಗಳಲ್ಲಿ ಮರಿ ಹಾಕಿದ ನಂತರ ಅಂಗಗಳು ಹೊರಗೆ ಜಾರಿದವು.

ಜೀವಕೋಶಕ್ಕೂ ಮುಪ್ಪು ಬರುತ್ತದೆ. ಮನುಷ್ಯನ ಫೈಬ್ರೊಬ್ಲಾಸ್ಟುಗಳು ಪ್ರಯೋಗಾಲಯದಲ್ಲಿ ಸುಮಾರು ಐವತ್ತು ಬಾರಿ ವಿಭಜನೆಗೊಂಡು ನಂತರ ನಿಂತುಬಿಡುತ್ತವೆ ಎಂದು ವಿಜ್ಞಾನಿಗಳಾದ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ 1961ರಲ್ಲಿ ತೋರಿಸಿದರು. ಪ್ರತಿ ವಿಭಜನೆಯಲ್ಲೂ ವರ್ಣತಂತುವಿನ ತುದಿಯ ಟೆಲೊಮಿಯರ್ ಸ್ವಲ್ಪ ಸ್ವಲ್ಪವೇ ಗಿಡ್ಡವಾಗುವುದು ಇದಕ್ಕೊಂದು ಕಾರಣ. ಡಿಎನ್‌ಎಗೆ ಆಗುವ ಹಾನಿ, ಆಮ್ಲಜನಕದ ಚುರುಕು ಕಣಗಳು ಕೊಡುವ ಆಕ್ಸಿಡೇಟಿವ್ ಒತ್ತಡ, ಮೇಲಿಂದ ಮೇಲೆ ಆಗುವ ಎಳೆತ ಕೂಡ ಜೀವಕೋಶವನ್ನು ಅವಧಿಗೆ ಮೊದಲೇ ಮುಪ್ಪಿಗೆ ತಳ್ಳಬಲ್ಲವು. ಮುಪ್ಪಾದ ಜೀವಕೋಶ ಸಾಯದೆ ಅಲ್ಲೇ ಉಳಿಯುವುದೇ ದೊಡ್ಡ ತೊಡಕು. ಅದು ಉರಿಯೂತ ತರುವ ಇಂಟರ್‌ಲ್ಯೂಕಿನ್–6ರಂಥ ಪದಾರ್ಥಗಳನ್ನೂ, ಕೊಲಾಜೆನ್ನನ್ನು ಕತ್ತರಿಸುವ ಎಂಎಂಪಿ ಎಂಬ ಕಿಣ್ವಗಳನ್ನೂ ಸುತ್ತಲೂ ಸುರಿಯುತ್ತಿರುತ್ತದೆ, ಇದರಿಂದ ನೆರೆಯ ಆರೋಗ್ಯವಂತ ಜೀವಕೋಶಗಳಿಗೂ ಮುಪ್ಪು ತಗಲುತ್ತದೆ. ವರ್ಷ ವರ್ಷ ತೋಟದ ಬೇಲಿ ಕಟ್ಟುತ್ತಿದ್ದವನೇ ಕೆಲಸ ನಿಲ್ಲಿಸಿ, ಇದ್ದ ಗೂಟಗಳನ್ನೂ ಕೀಳತೊಡಗಿದರೆ ಹೇಗೋ ಹಾಗೆ. ಅಂಗ ಜಾರಿದ ಮಹಿಳೆಯರ ಅಂಗಾಂಶದಲ್ಲಿ ಇಂಥ ಮುಪ್ಪಿನ ಗುರುತುಗಳು ಹೆಚ್ಚಾಗಿ ಕಂಡಿವೆ. ಅವು ಜಾರುವುದಕ್ಕೆ ಕಾರಣವೋ, ಜಾರಿದ ಮೇಲಿನ ಎಳೆತದ ಫಲವೋ ಎಂಬ ಚರ್ಚೆ ಸಂಶೋಧಕರಲ್ಲಿ ಮುಗಿದಿಲ್ಲ. ಎರಡೂ ಒಂದನ್ನೊಂದು ಬೆಳೆಸುತ್ತವೆ ಎಂಬ ಕಡೆಗೇ ನನ್ನ ಒಲವು.

ಇಪ್ಪತ್ತೈದರ ಪ್ರಾಯದಲ್ಲಿ ಆದ ಹೆರಿಗೆಯ ಪೆಟ್ಟು ಐವತ್ತೈದಕ್ಕೆ ಏಕೆ ಕಾಣಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಯೋನಿಯ ಮೂಲಕ ಹೆರಿಗೆಯಾಗುವಾಗ ಲಿವೇಟರ್ ಸ್ನಾಯುವಿನ ಒಳಭಾಗ ತನ್ನ ಸಹಜ ಉದ್ದದ ಮೂರು ಪಟ್ಟಿಗೂ ಹೆಚ್ಚು ಹಿಗ್ಗಬೇಕಾಗುತ್ತದೆ ಎಂದು ಕಂಪ್ಯೂಟರ್ ಮಾದರಿಗಳ ಲೆಕ್ಕ ಹೇಳುತ್ತದೆ. ಕೆಲವರಲ್ಲಿ, ಅದರಲ್ಲೂ ಮಗುವಿನ ತಲೆ ಹಿಡಿದು ಎಳೆಯುವ ಇಕ್ಕಳವಾದ ಫೋರ್ಸೆಪ್ಸ್ ಬಳಸಿದಾಗ ಹೆಚ್ಚಾಗಿ, ಅದು ಮೂಳೆಯಿಂದಲೇ ಕಿತ್ತುಬರುತ್ತದೆ. ಯೌವನದಲ್ಲಿ ಸ್ನಾಯುವಿನ ಮೀಸಲು ಜೀವಕೋಶಗಳಾದ ಸ್ಯಾಟಲೈಟ್ ಕೋಶಗಳು ಹರಿದ ಎಳೆಗಳ ಬದಲು ಹೊಸದನ್ನು ಕೊಡುತ್ತವೆ, ಉಳಿದ ಸ್ನಾಯು ಮತ್ತು ಲಿಗಮೆಂಟು ಕೊರತೆಯನ್ನು ತುಂಬಿಕೊಂಡು ಹೋಗುತ್ತವೆ. ವಯಸ್ಸಾದಂತೆ ಆ ಮೀಸಲು ಬತ್ತುತ್ತದೆ, ಮೂತ್ರನಾಳವನ್ನು ಬಿಗಿಹಿಡಿಯುವ ಸ್ನಾಯುವಿನ ಎಳೆಗಳೂ ಕಡಿಮೆಯಾಗುತ್ತವೆ. ಇದಕ್ಕೆ ಮುಟ್ಟು ನಿಲ್ಲುವುದೂ ಸೇರುತ್ತದೆ. ಈ ಭಾಗದ ಲಿಗಮೆಂಟು, ಯೋನಿಯ ಗೋಡೆ ಎರಡರಲ್ಲೂ ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೊಜೆನ್ ಹಾರ್ಮೋನನ್ನು ಗುರುತಿಸುವ ಗ್ರಾಹಕಗಳಿದ್ದು, ಆ ಹಾರ್ಮೋನ್ ಇಳಿದಾಗ ಅಂಗಾಂಶ ತೆಳುವಾಗಿ ಒಣಗುತ್ತದೆ. ಸಣ್ಣಪುಟ್ಟ ಕಾರಣಕ್ಕೆ ಮೂವತ್ತೈದು, ನಲವತ್ತರ ಹೆಣ್ಣುಮಕ್ಕಳ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಬಿಡುವ ರೂಢಿಯನ್ನು ನಾನು ವಿರೋಧಿಸುವುದಕ್ಕೆ ಇದೂ ಒಂದು ಕಾರಣ. ಹತ್ತಾರು ವರ್ಷಗಳ ನಂತರ ಬರಬೇಕಾದ ಸ್ಥಿತಿಯನ್ನು ಒಂದೇ ದಿನದಲ್ಲಿ ತಂದಂತಾಗುತ್ತದೆ.

ಮಲೆನಾಡಿನ ದುಡಿಮೆ ಈ ಎಳೆತಕ್ಕೆ ತನ್ನದನ್ನೂ ಸೇರಿಸುತ್ತದೆ. ಕೊಟ್ಟಿಗೆಗೆ ಸೊಪ್ಪಿನ ಹೊರೆ, ಒಲೆಗೆ ಸೌದೆಯ ಹೊರೆ, ಕೊಯ್ಲಿನ ದಿನಗಳಲ್ಲಿ ಹಸಿ ಅಡಿಕೆಯ ಬುಟ್ಟಿ ಇವೆಲ್ಲ ಹೊಟ್ಟೆಯೊಳಗಿನ ಒತ್ತಡವನ್ನು ನೇರ ಕೆಳಕ್ಕೆ ನೂಕುತ್ತವೆ. ಒಲೆಯ ಹೊಗೆಯಿಂದ ಬರುವ ಬಿಡದ ಕೆಮ್ಮು, ಮಲಬದ್ಧತೆಯಲ್ಲಿ ತಿಣುಕುವುದು ಮಾಡುವುದೂ ಅದನ್ನೇ. ಕೂಲಿಗೆ ಹೋಗುವ ತಾಯಂದಿರಿಗೆ ಬಾಣಂತನದ ವಿಶ್ರಾಂತಿ ಪೂರ್ತಿ ಸಿಗುವುದೇ ಇಲ್ಲ. ಹೆರಿಗೆಯ ನಂತರದ ಮೊದಲ ತಿಂಗಳುಗಳಲ್ಲಿ ಭಾರ ಹೊರಿಸದಿರುವುದು ಮನೆಯವರ ಕೈಯಲ್ಲಿದೆ, ಕೆಮ್ಮು ಮತ್ತು ಮಲಬದ್ಧತೆಗೆ ಮದ್ದಿದೆ.

ಚಿಕಿತ್ಸೆಯಲ್ಲಿ ಮೊದಲನೆಯದು ವ್ಯಾಯಾಮ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ವಿವರಿಸಿದ ಈ ಕ್ರಮದಲ್ಲಿ, ಮೂತ್ರ ಮತ್ತು ವಾಯುವನ್ನು ಒಟ್ಟಿಗೆ ತಡೆಯುವಂತೆ ಒಳಸ್ನಾಯುವನ್ನು ಮೇಲಕ್ಕೆ ಬಿಗಿಹಿಡಿದು ಬಿಡಬೇಕು. ಒಂದು ಸಲಕ್ಕೆ ಕನಿಷ್ಠ 8 ಬಾರಿ, ದಿನಕ್ಕೆ 3 ಸಲ, ಕಡಿಮೆಯೆಂದರೆ 3 ತಿಂಗಳು ಮಾಡಿದ ಮೇಲೆಯೇ ಫಲ ಅಳೆಯಬೇಕು. ಅನೇಕರು ಹೊಟ್ಟೆಯನ್ನು ಬಿಗಿದು ಕೆಳಕ್ಕೆ ಒತ್ತುತ್ತಾರೆ, ಅದರಿಂದ ತೊಂದರೆ ಹೆಚ್ಚುತ್ತದೆ. ಆದ್ದರಿಂದ ಒಮ್ಮೆಯಾದರೂ ವೈದ್ಯರಿಂದಲೋ ಫಿಸಿಯೋಥೆರಪಿಸ್ಟರಿಂದಲೋ ಪರೀಕ್ಷಿಸಿಕೊಂಡು ಕಲಿಯುವುದು ಅಗತ್ಯ. ಒಣಗಿದ ಯೋನಿಗೆ ಅಲ್ಪ ಪ್ರಮಾಣದ ಈಸ್ಟ್ರೊಜೆನ್ ಮುಲಾಮು ಹಿತವಾಗುತ್ತದೆ, ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ಮೊದಲೇ ತಿಳಿಸಬೇಕು. ಶಸ್ತ್ರಚಿಕಿತ್ಸೆ ಬೇಡವೆನ್ನುವವರಿಗೆ ಯೋನಿಯೊಳಗೆ ಕೂತು ಜಾರಿದ ಅಂಗವನ್ನು ಎತ್ತಿ ಹಿಡಿಯುವ ಸಿಲಿಕೋನಿನ ಪೆಸರಿ ಉಂಗುರವಿದೆ. ಸರಿಯಾದ ಅಳತೆಯದನ್ನು ಹಾಕಿಸಿಕೊಂಡು ಆಗಾಗ ತೆಗೆದು ತೊಳೆಯುತ್ತಿದ್ದರೆ, ವರ್ಷಗಟ್ಟಲೆ ತೋಟ ಗದ್ದೆಗಳಲ್ಲಿ ಓಡಾಡಿಕೊಂಡಿರಬಹುದು.

ಮುಪ್ಪಾದ ಜೀವಕೋಶಗಳನ್ನೇ ತೆಗೆದುಹಾಕುವ ಔಷಧಿಗಳ ಬಗ್ಗೆ ಸಂಶೋಧನೆ ನಡೆದಿದೆ, ಆದರೆ ಈ ತೊಂದರೆಗೆ ಅವು ಇನ್ನೂ ಚಿಕಿತ್ಸೆಯಾಗಿಲ್ಲ. ಆ ಹೆಸರಿನಲ್ಲಿ ಮಾರುವ ಪುಡಿ, ಮಾತ್ರೆಗಳಿಗೆ ಹಣ ಸುರಿಯಬೇಡಿ.

ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶವನ್ನು ತೆಗೆದಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಜಾರಿದ್ದು ಆಧಾರ ಸಡಿಲವಾಗಿದ್ದರಿಂದ, ಹಾಗಾಗಿ ಯೋನಿಯ ಮೇಲ್ತುದಿಯನ್ನು ಲಿಗಮೆಂಟಿಗೆ ಹೊಲಿದು ನಿಲ್ಲಿಸಲೇಬೇಕು. ಹಾಗೆ ಹೊಲಿಯುವುದೂ ಮುಪ್ಪಾದ ಅದೇ ಅಂಗಾಂಶಕ್ಕೆ ಆದ್ದರಿಂದ ಕೆಲವರಲ್ಲಿ ಮತ್ತೆ ಜಾರುತ್ತದೆ. ಆ ಕೊರತೆ ನೀಗಲೆಂದು ಬಂದ ಕೃತಕ ಜಾಲರಿ ಅನೇಕರಲ್ಲಿ ಯೋನಿಯ ಗೋಡೆಯನ್ನು ಕೊರೆದು ಹೊರಬಂದು ನೋವು ಕೊಟ್ಟಿತು. ಅಂಗ ಜಾರಿದ್ದಕ್ಕೆ ಯೋನಿಯ ಮೂಲಕ ಹಾಕುವ ಜಾಲರಿಯ ಮಾರಾಟವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2019ರಲ್ಲಿ ನಿಲ್ಲಿಸಿತು. ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ‘ಮೇಲ್ತುದಿಗೆ ಆಧಾರ ಹೇಗೆ ಕೊಡುತ್ತೀರಿ, ಜಾಲರಿ ಬಳಸುತ್ತೀರಾ, ಅಂಡಾಶಯ ಉಳಿಸುತ್ತೀರಾ’ ಎಂಬ ಮೂರು ಪ್ರಶ್ನೆಗಳನ್ನು ಕೇಳಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಜಾರಿದ ಭಾಗದಲ್ಲಿ ಹುಣ್ಣಾದರೆ, ಮೂತ್ರ ಕಟ್ಟಿಕೊಂಡರೆ ಅಡಿಕೆ ಕೊಯ್ಲು ಮುಗಿಯಲಿ ಎಂದು ಕಾಯದೆ ಕೂಡಲೇ ತೋರಿಸಿಕೊಳ್ಳಿ.