ಆ ಡಾಲರ್ ಚಿಹ್ನೆಯನ್ನೂ ಟೈಪ್ ಮಾಡಬೇಕಾ?

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಕಲಿಯಲು ಶುರು ಮಾಡಿದ ದಿನಗಳು. ಯಾವುದೋ ಪ್ರೋಗ್ರಾಂ ಇನ್‌ಸ್ಟಾಲ್ ಮಾಡಬೇಕಿತ್ತು. ಅದರ ಡಾಕ್ಯುಮೆಂಟೇಶನ್ ತೆರೆದು, ಅಲ್ಲಿದ್ದ ಕಮಾಂಡನ್ನು ಇದ್ದ ಹಾಗೇ ಕಾಪಿ ಮಾಡಿ, ಕಮಾಂಡ್ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ಗೆ ಹಾಕಿದೆ. ‘$ ಅನ್ನುವ ಕಮಾಂಡ್ ಸಿಗಲಿಲ್ಲ’ ಎಂಬರ್ಥದ ಉತ್ತರ ಬಂತು. ಪ್ರೋಗ್ರಾಂ ಸರಿ ಇಲ್ಲ ಅಂದುಕೊಂಡು ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ಸಾಲಿನ ಮೊದಲಲ್ಲಿದ್ದ ಡಾಲರ್ ಚಿಹ್ನೆ ಕಮಾಂಡಿನ ಭಾಗವೇ ಆಗಿರಲಿಲ್ಲ. ‘ನಾನು ರೆಡಿ, ಟೈಪ್ ಮಾಡು’ ಅಂತ ಟರ್ಮಿನಲ್ ತಾನೇ ತೋರಿಸುವ ಗುರುತು ಅದು. ಬರೆದವರಿಗೆ ಅದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ ಅಷ್ಟೆ.

ಡಾಲರ್ ಆದರೂ ಪರವಾಗಿಲ್ಲ, ಎರರ್ ಕೊಡುತ್ತದೆ. ಅಡ್ಮಿನ್ ಅಧಿಕಾರ ಬೇಕು ಎಂದು ತೋರಿಸಲು ಕೆಲವರು ಡಾಲರ್ ಬದಲು # ಹಾಕುತ್ತಾರೆ. ಟೈಪ್ ಮಾಡಿದ ಕಮಾಂಡನ್ನು ಓದಿ ನಡೆಸುವ ಪ್ರೋಗ್ರಾಂಗೆ ಶೆಲ್ ಅನ್ನುತ್ತಾರೆ. ಅಂಥದ್ದೊಂದು ಶೆಲ್ ಆದ ಬ್ಯಾಶ್‌ನಲ್ಲಿ # ಇಂದ ಶುರುವಾದ ಸಾಲು ಬರೀ ಟಿಪ್ಪಣಿ. ಅದನ್ನು ಪೇಸ್ಟ್ ಮಾಡಿದರೆ ಎರರ್ ಇಲ್ಲ, ಕೆಲಸವೂ ಇಲ್ಲ. ಎಲ್ಲ ಸರಿಯಾಯಿತು ಅಂದುಕೊಂಡು ನೀವು ಮುಂದಿನ ಸಾಲಿಗೆ ಹೋಗುತ್ತೀರಿ.

ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳ ಸ್ಟೈಲ್ ಗೈಡ್ (ಡಾಕ್ಯುಮೆಂಟೇಶನ್ ಹೇಗೆ ಬರೆಯಬೇಕು ಎಂಬ ನಿಯಮಗಳು) ನೋಡಿದರೆ ಮೊದಲಿಗೆ ಸುಮ್ನೆ ಕಿರಿಕಿರಿ ಅನಿಸುತ್ತದೆ. ಯಾವುದು ದಪ್ಪ ಅಕ್ಷರ, ಯಾವುದು ಓರೆ ಅಕ್ಷರ, ಎಲ್ಲಿ ಯಾವ ಬ್ರಾಕೆಟ್! ಆದರೆ ಅವುಗಳಲ್ಲಿ ಬಹಳಷ್ಟು ನಿಯಮಗಳು ಮೂರು ಪ್ರಶ್ನೆಗೆ ಉತ್ತರ ಕೊಡುತ್ತವೆ. ಯಾವುದನ್ನು ಹಾಗೇ ಟೈಪ್ ಮಾಡಬೇಕು? ಯಾವುದರ ಜಾಗದಲ್ಲಿ ನಮ್ಮದನ್ನು ಹಾಕಬೇಕು? ಯಾವುದನ್ನು ಮುಟ್ಟಲೇಬಾರದು?

ಈ ಪ್ರಶ್ನೆ ಹಳೆಯದು. ಲಿನಕ್ಸ್‌ಗೆ ಮಾದರಿಯಾದ ಆಪರೇಟಿಂಗ್ ಸಿಸ್ಟಂ ಯುನಿಕ್ಸ್‌ನ ಮೊದಲ ಕೈಪಿಡಿ ಬಂದದ್ದು 1971ರ ನವೆಂಬರ್‌ನಲ್ಲಿ. ಬರೆದವರು ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ. ಚೌಕ ಬ್ರಾಕೆಟ್ ಒಳಗಿದ್ದರೆ ಅದು ಬೇಕಾದರೆ ಮಾತ್ರ, ಮೂರು ಚುಕ್ಕಿ ಇದ್ದರೆ ಹಿಂದಿನದನ್ನು ಮತ್ತೆ ಮತ್ತೆ ಕೊಡಬಹುದು ಎಂಬ ಪದ್ಧತಿ ಅದರಲ್ಲೇ ಇದೆ. ಇವತ್ತು ಟರ್ಮಿನಲ್‌ನಲ್ಲೇ ಓದುವ ಕೈಪಿಡಿಯ ‘ಮ್ಯಾನ್’ ಪುಟ ತೆರೆದರೂ ಅದೇ ಗುರುತುಗಳು. ದಪ್ಪ ಅಕ್ಷರದಲ್ಲಿದ್ದದ್ದನ್ನು ಹಾಗೇ ಟೈಪ್ ಮಾಡಬೇಕು. ಓರೆಯಾಗಿದ್ದರೆ ಅಥವಾ ಅಡಿಗೆರೆ ಇದ್ದರೆ ಅಲ್ಲಿ ನಮ್ಮ ಫೈಲಿನ ಹೆಸರೋ ಮತ್ತೊಂದೋ ಬರಬೇಕು.

ಆಮೇಲೆ ಬಂದ ಕೋನ ಬ್ರಾಕೆಟ್ ಪದ್ಧತಿಯ ಬಗ್ಗೆ ನನಗೆ ತಕರಾರಿದೆ. <ಫೈಲ್-ಹೆಸರು> ಅಂತ ಬರೆದರೆ ಓದಲು ಚೆನ್ನಾಗಿದೆ. ಆದರೆ ಶೆಲ್‌ನಲ್ಲಿ < ಅಂದರೆ ‘ಈ ಫೈಲಿನಿಂದ ಓದು’, > ಅಂದರೆ ‘ಆ ಫೈಲಿಗೆ ಬರೆ’. ಹಾಗೇ ಪೇಸ್ಟ್ ಮಾಡಿದರೆ ಹೆಚ್ಚಿನ ಸಲ ಎರರ್ ಬಂದು ಬಚಾವಾಗುತ್ತೇವೆ. ಆದರೆ > ಕೆಲಸ ಮಾಡಿಬಿಟ್ಟರೆ, ಮುಂದಿನ ಹೆಸರಿನ ಫೈಲ್ ಮೊದಲೇ ಇದ್ದಲ್ಲಿ ಅದರಲ್ಲಿದ್ದದ್ದೆಲ್ಲ ಖಾಲಿ. ಅದಕ್ಕೇ ಹಲವರು ಬ್ರಾಕೆಟ್ ಬಿಟ್ಟು, ಬದಲಾಯಿಸಬೇಕಾದ್ದನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ (ಕ್ಯಾಪಿಟಲ್) ಬರೆಯುತ್ತಾರೆ.

ಓದುವವರು ಕಾಪಿ ಮಾಡಿಯೇ ಮಾಡುತ್ತಾರೆ ಎಂದು ಒಪ್ಪಿಕೊಂಡ ಮೇಲೆ ಕೆಲವು ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ. ಉದಾಹರಣೆಗೆ ಕೊಟ್ಟ ವೆಬ್ ವಿಳಾಸ ನಿಜವಾಗಿ ಯಾರದ್ದೋ ಆಗಿದ್ದರೆ? ಅವರಿಗೆ ಕಾಟ ತಪ್ಪಿದ್ದಲ್ಲ. ಅದಕ್ಕೇ 1999ರಲ್ಲಿ ಎಕ್ಸಾಂಪಲ್ ಡಾಟ್ ಕಾಮ್ ಅನ್ನು ಉದಾಹರಣೆಗಳಿಗೆಂದೇ ಎತ್ತಿಟ್ಟರು. ನೆಟ್‌ವರ್ಕ್‌ನಲ್ಲಿ ಕಂಪ್ಯೂಟರನ್ನು ಗುರುತಿಸುವ ಐಪಿ ವಿಳಾಸಗಳಲ್ಲೂ ಇಂಥವಿವೆ: 192.0.2 ಇಂದ ಶುರುವಾಗುವವು ಬರೀ ಡಾಕ್ಯುಮೆಂಟೇಶನ್‌ಗೆ. ಇನ್ನು ವರ್ಡ್ ಪ್ರೊಸೆಸರ್‌ನಲ್ಲಿ ಕಮಾಂಡ್ ಬರೆಯಬೇಡಿ ಎಂಬ ಮಾತು. ಎರಡು ಅಡ್ಡಗೆರೆ ಹಾಕಿದರೆ ಅದು ಎರಡನ್ನೂ ಸೇರಿಸಿ ಒಂದು ಉದ್ದ ಗೆರೆ ಮಾಡಿಬಿಡುತ್ತದೆ. ನೇರ ಉದ್ಧರಣ ಚಿಹ್ನೆಯನ್ನು ಡೊಂಕು ಮಾಡುತ್ತದೆ. ನೋಡಲು ಚೆಂದ, ಆದರೆ ಶೆಲ್‌ಗೆ ಅವು ಬೇರೆಯೇ ಅಕ್ಷರಗಳು.

ಒಂದು ನಿಯಮ ಮಾತ್ರ ಓದುವವರಿಗಲ್ಲ, ಜೊತೆಗೆ ಬರೆಯುವವರಿಗೆ: ಪ್ರತಿ ವಾಕ್ಯವನ್ನೂ ಹೊಸ ಸಾಲಿನಿಂದ ಶುರು ಮಾಡಿ. ಯುನಿಕ್ಸ್ ಬಳಗದ ಬ್ರಯನ್ ಕರ್ನಿಗನ್ 1974ರಲ್ಲೇ ಈ ಸಲಹೆ ಕೊಟ್ಟಿದ್ದರು. ಯಾರು ಏನು ತಿದ್ದಿದರು ಎಂದು ದಾಖಲಿಸುವ ಗಿಟ್ ಎಂಬ ಪ್ರೋಗ್ರಾಂ ಬದಲಾವಣೆಗಳನ್ನು ಸಾಲು ಸಾಲಾಗಿ ಹೋಲಿಸುತ್ತದೆ. ಪ್ಯಾರಾದಲ್ಲಿ ಒಂದು ಪದ ತಿದ್ದಿ, ಸಾಲುಗಳನ್ನು ಮತ್ತೆ ಸಮ ಮಾಡಿದಿರೋ, ಇಡೀ ಪ್ಯಾರಾ ಬದಲಾದಂತೆ ಕೆಂಪು ಹಸಿರಾಗಿ ಕಾಣುತ್ತದೆ. ಪರಿಶೀಲಿಸುವವರು ಆ ಒಂದು ಪದವನ್ನು ಹುಡುಕುತ್ತಾ ಕೂರಬೇಕು. ವಾಕ್ಯಕ್ಕೊಂದು ಸಾಲಿದ್ದರೆ ಅದೊಂದೇ ಸಾಲು ಕಾಣುತ್ತದೆ. ಡಾಕ್ಯುಮೆಂಟೇಶನ್ ಬರೆಯಲು ಬಳಸುವ ಸರಳ ಗುರುತುಗಳ ಪದ್ಧತಿಯಾದ ಮಾರ್ಕ್‌ಡೌನ್‌ನಲ್ಲಿ ಖಾಲಿ ಸಾಲು ಬಿಡುವ ತನಕ ಹೊಸ ಪ್ಯಾರಾ ಆಗುವುದಿಲ್ಲ, ಹಾಗಾಗಿ ಓದುವವರಿಗೆ ವ್ಯತ್ಯಾಸ ಗೊತ್ತಾಗುವುದೂ ಇಲ್ಲ.

ಕನ್ನಡದಲ್ಲಿ ಬರೆಯುವಾಗ ಇನ್ನೊಂದು ತೊಡಕಿದೆ. ಇಂಗ್ಲಿಷ್ ಗೈಡ್‌ಗಳಲ್ಲಿ ಇದಕ್ಕೆ ಉತ್ತರ ಹುಡುಕಿ ಪ್ರಯೋಜನವಿಲ್ಲ. ನಮ್ಮ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದೆ ಅಲ್ವಾ? ಫೈಲಿನ ಹೆಸರು ‘ಪಟ್ಟಿ’ ಎಂದಿರಲಿ. ‘ಪಟ್ಟಿಯಲ್ಲಿ’ ಅಂತ ಬರೆದರೆ ಫೈಲಿನ ಹೆಸರನ್ನು ಬೇರೆಯಾಗಿ ತೋರಿಸುವ ಕೋಡ್ ಅಕ್ಷರ ಎಲ್ಲಿ ಮುಗಿಯಬೇಕು? ‘ಪಟ್ಟಿ ಎಂಬ ಫೈಲಿನಲ್ಲಿ’ ಎಂದು ಬರೆಯುವುದೇ ವಾಸಿ, ಸ್ವಲ್ಪ ಉದ್ದವಾದರೂ. ಕಣ್ಣಿಗೆ ಕಾಣದ ತೊಂದರೆಯೂ ಉಂಟು. ‘ಲಿನಕ್ಸ್‌ಗೆ’ ಅನ್ನುವಾಗ ‘ಗೆ’ ಒತ್ತಕ್ಷರ ಆಗದಿರಲಿ ಅಂತ ನಡುವೆ ಒಂದು ಅದೃಶ್ಯ ಅಕ್ಷರ ಹಾಕುತ್ತೇವೆ. ಅದು ಕಾಪಿ ಆಗಿ ಫೈಲಿನ ಹೆಸರಿಗೆ ಸೇರಿಕೊಂಡರೆ ಪರದೆಯ ಮೇಲೆ ಅದು ಇರುವ ಮತ್ತು ಇಲ್ಲದ ಎರಡು ಹೆಸರೂ ಒಂದೇ ಥರ ಕಾಣುತ್ತವೆ. ಕಂಪ್ಯೂಟರ್ ಮಾತ್ರ ಅಂಥ ಫೈಲ್ ಇಲ್ಲವೇ ಇಲ್ಲ ಅನ್ನುತ್ತದೆ.