ಪೇಟೆಂಟ್ ಅರ್ಜಿ ಬರೆಯೋದು: ಮೊದಲು ಕ್ಲೇಮು, ಉಳಿದದ್ದು ಆಮೇಲೆ

ಪೇಟೆಂಟ್ ಏಜೆಂಟ್ ಪರೀಕ್ಷೆಯ ಎರಡನೇ ಪೇಪರ್‌ಗೆ ಓದುತ್ತಿರುವವರಿಗೆ ಈ ಟಿಪ್ಪಣಿ. ಹಾಸನ, ಚಿಕ್ಕಮಗಳೂರು ಕಡೆ ಎಂಜಿನಿಯರಿಂಗ್ ಓದುತ್ತಾ, ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಪೇಟೆಂಟ್ ಹಾಕೋಣ ಅಂತ ಹೊರಟವರಿಗೂ ಆಗುತ್ತದೆ.

ಕಾಯಿದೆಯ ಸೆಕ್ಷನ್‌ಗಳನ್ನು ಹೇಗೋ ಬಾಯಿಪಾಠ ಮಾಡಿಬಿಡಬಹುದು. ಬರೆಯೋಕೆ ಕೂತಾಗಲೇ ಕೈ ಓಡುವುದಿಲ್ಲ. ಹೆಚ್ಚಿನವರು ಫಾರಂ 2 (ಸ್ಪೆಸಿಫಿಕೇಶನ್, ಅಂದರೆ ಆವಿಷ್ಕಾರದ ಪೂರ್ತಿ ಬರಹದ ನಮೂನೆ) ತೆಗೆದು ಶೀರ್ಷಿಕೆ, ಹಿನ್ನೆಲೆ, ಉದ್ದೇಶ, ವಿವರಣೆ ಅಂತ ಮೇಲಿನಿಂದ ಕೆಳಗೆ ತುಂಬಿಕೊಂಡು ಬಂದು, ಸುಸ್ತಾದ ಮೇಲೆ ಕೊನೇ ಪುಟದಲ್ಲಿ ನಾಲ್ಕು ಕ್ಲೇಮು (ಯಾವುದರ ಮೇಲೆ ಹಕ್ಕು ಬೇಕು ಅಂತ ಹೇಳುವ ವಾಕ್ಯ) ಗೀಚಿ ಮುಗಿಸುತ್ತಾರೆ. ನನ್ನ ಪ್ರಕಾರ ಇದು ಪೂರ್ತಿ ಉಲ್ಟಾ. ಕ್ಲೇಮಿನಿಂದಲೇ ಶುರು ಮಾಡಬೇಕು.

ಜಮೀನಿನ ಕ್ರಯಪತ್ರ ನೋಡಿದ್ದೀರಲ್ವಾ? ಎಷ್ಟೇ ಪುಟ ಇರಲಿ, ಬದುವಿನ ಜಗಳ ಬಂದ ದಿನ ಎಲ್ಲರೂ ಬೆರಳಿಟ್ಟು ಓದೋದು ಚಕ್ಕುಬಂದಿಯನ್ನೇ. ಪೇಟೆಂಟಿನಲ್ಲಿ ಆ ಕೆಲಸ ಕ್ಲೇಮಿನದು. ವಿವರಣೆಯಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದರೂ ಕ್ಲೇಮಿನೊಳಗೆ ಬರದ ಸಂಗತಿಯ ಮೇಲೆ ನಿಮಗೆ ಹಕ್ಕಿಲ್ಲ.

ಅಭ್ಯಾಸಕ್ಕೆ ನಮ್ಮ ಕಡೆಯದ್ದೇ ಒಂದು ಉದಾಹರಣೆ ಕಟ್ಟೋಣ. ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಒಂದು ಕಾಫಿ ಕಣ. ಡಿಸೆಂಬರ್, ಜನವರಿಯಲ್ಲಿ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜ) ಹರಡಿದ್ದಾರೆ, ತೇವಾಂಶ ಶೇ 10ರ ಹತ್ತಿರ ಇಳಿಯಬೇಕು, ಅಷ್ಟರಲ್ಲಿ ಅಕಾಲಿಕ ಮಳೆ. ಓಡಿಬಂದು ಟಾರ್ಪಾಲ್ ಎಳೆದರೆ ಮಳೆ ತಪ್ಪುತ್ತದೆ, ಆದರೆ ಟಾರ್ಪಾಲ್ ಕಾಳಿಗೆ ಅಂಟಿಕೊಂಡು ಒಳಗೆ ಬೆವರುತ್ತದೆ, ರಾತ್ರಿ ಪೂರ್ತಿ ಹಾಗೇ ಬಿಟ್ಟರೆ ಬೂಷ್ಟು. ಇದಕ್ಕೆ ನಾವೊಂದು ಸಾಧನ ಮಾಡಿದ್ದೇವೆ ಅಂದುಕೊಳ್ಳಿ. ಮಳೆ ಹನಿ ಬಿದ್ದ ಕೂಡಲೇ ಹೊದಿಕೆ ತಾನೇ ಬಿಚ್ಚಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತಾ ಅದರೊಳಗಿನ ಕಮಾನುಗಳು ಎದ್ದು ನಿಂತು ಹೊದಿಕೆಯನ್ನು ಕಾಳಿನಿಂದ ಮೇಲೆ ಹಿಡಿಯುತ್ತವೆ, ಬದಿಯಲ್ಲಿ ಗಾಳಿ ಆಡುತ್ತದೆ.

ಈಗ ಕ್ಲೇಮು. ಮೊದಲ ಸಲ ಬರೆಯುವವರ ಕೈಯಲ್ಲಿ ಸಾಮಾನ್ಯವಾಗಿ ಬರುವುದು ಹೀಗೆ: "ಮಳೆ ಬಂದಾಗ ಕಾಫಿಯನ್ನು ತಾನಾಗಿ ಮುಚ್ಚುವ, ಬೂಷ್ಟು ತಡೆಯುವ ಉತ್ತಮ ಯಂತ್ರ." ಇದರಲ್ಲಿ ಯಂತ್ರವೇ ಇಲ್ಲ. ಏನಾಗಬೇಕು ಅನ್ನೋದಿದೆ, ಏನಿದೆ ಅನ್ನೋದಿಲ್ಲ. 'ಉತ್ತಮ' ಅನ್ನೋ ಪದವನ್ನಂತೂ ಪೇಟೆಂಟ್ ಕಚೇರಿಯ ಪರೀಕ್ಷಕರು ಒಂದು ಕ್ಷಣವೂ ಬಿಡುವುದಿಲ್ಲ. ಸೆಕ್ಷನ್ 10(5) ಪ್ರಕಾರ ಕ್ಲೇಮು ಸ್ಪಷ್ಟವಾಗಿರಬೇಕು, ಚಿಕ್ಕದಾಗಿರಬೇಕು, ವಿವರಣೆಯಲ್ಲಿ ಹೇಳಿದ್ದರ ಮೇಲೆ ನಿಂತಿರಬೇಕು.

ಬೈಸಿಕೊಂಡವರು ಇನ್ನೊಂದು ತುದಿಗೆ ಹೋಗುತ್ತಾರೆ: "12 ವೋಲ್ಟ್ ಮೋಟಾರು, ನೀಲಿ ಟಾರ್ಪಾಲ್, ಆರು ಕಬ್ಬಿಣದ ಕಮಾನು ಇರುವ ಕಾಫಿ ಕಣದ ಯಂತ್ರ." ಸ್ಪಷ್ಟವಾಗೇನೋ ಇದೆ. ಆದರೆ ಪಕ್ಕದ ಊರಿನವರು ಐದು ಅಲ್ಯೂಮಿನಿಯಂ ಕಮಾನು ಹಾಕಿ ಅದನ್ನೇ ಮಾರಿದರೆ ನೀವು ಸುಮ್ನೆ ನೋಡುತ್ತಾ ಕೂರಬೇಕು. ಕ್ಲೇಮಿಗೆ ಪದ ಸೇರಿಸಿದಷ್ಟೂ ನಿಮ್ಮ ಜಾಗ ಕಿರಿದಾಗುತ್ತದೆ, ಇದು ಮೊದಲಿಗೆ ವಿಚಿತ್ರ ಅನ್ನಿಸುತ್ತದೆ.

ನಾನು ಬರೆಯೋದಾದರೆ ಹೀಗೆ: "ಒಣಗಿಸುವ ನೆಲದ ಮೇಲೆ ಹರಡಿದ ಫಸಲನ್ನು ಮುಚ್ಚುವ ಸಾಧನ, ಇದರಲ್ಲಿ ನೆಲದ ಒಂದು ಅಂಚಿನಲ್ಲಿ ಸುತ್ತಿಟ್ಟ ಒಂದು ಹೊದಿಕೆ, ಮಳೆಯನ್ನು ಗುರುತಿಸುವ ಒಂದು ಸೆನ್ಸರ್, ಆ ಸೆನ್ಸರ್‌ನ ಸೂಚನೆ ಬಂದಾಗ ಆ ಹೊದಿಕೆಯನ್ನು ನೆಲದ ಎದುರು ಅಂಚಿನ ಕಡೆಗೆ ಬಿಚ್ಚುವ ಒಂದು ಚಾಲಕ ಘಟಕ, ಮತ್ತು ಆ ಹೊದಿಕೆಗೆ ಜೋಡಿಸಿದ, ಸುರುಳಿಯಲ್ಲಿ ಮಡಚಿಕೊಂಡಿದ್ದು ಹೊದಿಕೆ ಬಿಚ್ಚಿದಂತೆ ಎದ್ದು ನಿಂತು ಅದನ್ನು ಫಸಲಿಗೆ ತಾಗದಂತೆ ಹಿಡಿಯುವ ಹಲವು ಕಮಾನುಗಳು ಇರುತ್ತವೆ."

ಉಸಿರು ಕಟ್ಟುತ್ತದೆ, ಗೊತ್ತು. ಒಂದು ಕ್ಲೇಮು ಒಂದೇ ವಾಕ್ಯ ಅನ್ನೋದು ಪದ್ಧತಿ. ಇದರಲ್ಲಿ ಕಾಫಿ ಅನ್ನೋ ಪದ ಎಲ್ಲೂ ಇಲ್ಲ ನೋಡಿ, ಹಾಗಾಗಿ ಮೆಣಸು, ಅಡಿಕೆಯೂ ಒಳಗೆ ಬಂದವು. ಮೋಟಾರು 'ಚಾಲಕ ಘಟಕ' ಆಯಿತು, ಕೈಯಲ್ಲಿ ತಿರುಗಿಸೋದನ್ನು ಬಿಟ್ಟು ಬೇರೆ ಏನೇ ಹಾಕಿದರೂ ಹಿಡಿಯಬಹುದು. ಪ್ರತಿ ಭಾಗ ಮೊದಲ ಸಲ ಬರುವಾಗ 'ಒಂದು', ಮತ್ತೆ ಬಂದಾಗ 'ಆ'. ಸುರುಳಿ, ಸುತ್ತು, ರೋಲ್ ಅಂತ ಒಂದೇ ವಸ್ತುವಿಗೆ ಮೂರು ಹೆಸರು ಇಟ್ಟರೆ ಮೂರು ಭಾಗ ಇದೆ ಅಂತಲೇ ಓದುತ್ತಾರೆ. ಪ್ರಬಂಧ ಬರೆಯುವಾಗ ಒಂದೇ ಪದ ಮತ್ತೆ ಮತ್ತೆ ಬರಬಾರದು ಅಂತ ಮೇಷ್ಟ್ರು ಹೇಳಿದ್ದನ್ನು ಇಲ್ಲಿ ಮರೆತುಬಿಡಿ.

ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರಬೇಕು, ನಿಯಮ ಹಾಗಿದೆ. ಇಂಗ್ಲಿಷಿನಲ್ಲಿ ಬರೆಯುವಾಗ ಭಾಗಗಳ ಪಟ್ಟಿಗೆ ಮುಂಚೆ 'ಕಂಪ್ರೈಸಿಂಗ್' ಹಾಕಿ. ಆಗ ಇವಿಷ್ಟರ ಜೊತೆ ಬೇರೆ ಏನಾದರೂ ಸೇರಿಸಿದವರೂ ನಿಮ್ಮ ಕ್ಲೇಮಿನೊಳಗೇ ಇರುತ್ತಾರೆ. 'ಕನ್ಸಿಸ್ಟಿಂಗ್ ಆಫ್' ಹಾಕಿದರೆ ಬಾಗಿಲು ಮುಚ್ಚಿತು, ಇನ್ನೊಂದು ಭಾಗ ಸೇರಿಸಿದವರು ತಪ್ಪಿಸಿಕೊಳ್ಳುತ್ತಾರೆ.

ಈಗ ಪರೀಕ್ಷಕರ ಕುರ್ಚಿಯಲ್ಲಿ ಕೂತು ನೋಡಿ. ಮಳೆ ಸೆನ್ಸರ್ ಹಳೇದು, ಮೋಟಾರು ಹಳೇದು, ಟಾರ್ಪಾಲ್ ಕೇಳಲೇಬೇಡಿ. ಗೊತ್ತಿರುವ ವಸ್ತುಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟು, ಅವು ತಮ್ಮ ಪಾಡಿಗೆ ಹಳೇ ಕೆಲಸವನ್ನೇ ಮಾಡುತ್ತಿದ್ದರೆ ಸೆಕ್ಷನ್ 3(ಎಫ್) ಪ್ರಕಾರ ಅದು ಆವಿಷ್ಕಾರವೇ ಅಲ್ಲ. ಇದಕ್ಕೆ ಓದಲೇಬೇಕಾದ ತೀರ್ಪು 1978ರ ಬಿಶ್ವನಾಥ್ ಪ್ರಸಾದ್ ರಾಧೇ ಶ್ಯಾಮ್ ವಿರುದ್ಧ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್. ಮಿರ್ಜಾಪುರದ ಪಾತ್ರೆ ತಯಾರಕರ ಜಗಳ. ಲೇತ್ ಮೇಲೆ ಪಾತ್ರೆ ತಿರುಗಿಸುವಾಗ ಅದು ಹಾರಿಹೋಗದಂತೆ ಗಟ್ಟಿಯಾಗಿ ಹಿಡಿಯುವ ಒಂದು ವ್ಯವಸ್ಥೆಗೆ ಪೇಟೆಂಟ್ ಇತ್ತು. ಅದರಲ್ಲಿ ಹೊಸತೂ ಇಲ್ಲ, ಇನ್ವೆಂಟಿವ್ ಸ್ಟೆಪ್ಪೂ (ಆ ಕಸುಬಿನವರಿಗೆ ಸುಲಭವಾಗಿ ಹೊಳೆಯದಂಥ ಹೆಜ್ಜೆ) ಇಲ್ಲ, ಕಾರ್ಖಾನೆಯ ಕೆಲಸಗಾರ ಮಾಡಿಕೊಳ್ಳುವಂಥ ಸಣ್ಣ ಸುಧಾರಣೆ ಅಷ್ಟೇ ಅಂತ ಸುಪ್ರೀಂ ಕೋರ್ಟ್ ಹೇಳಿತು. ಉಪಯೋಗಕ್ಕೆ ಬರುತ್ತದೆ ಅನ್ನೋದು ಬೇರೆ, ಪೇಟೆಂಟ್ ಸಿಗುತ್ತದೆ ಅನ್ನೋದು ಬೇರೆ.

ನಮ್ಮ ಉದಾಹರಣೆ ಉಳಿಯೋದಾದರೆ ಕಮಾನಿನಿಂದ. ಸುರುಳಿಯೊಳಗೆ ಮಡಚಿಕೊಂಡು, ಬಿಚ್ಚಿದಾಗ ತಾನೇ ಎದ್ದು ನಿಲ್ಲುವ ಆ ಜೋಡಣೆಯಲ್ಲೇ ಜೀವ ಇದೆ. ಇಂಥದ್ದು ಮೊದಲೇ ಇದೆಯಾ ಅಂತ ಹಳೇ ಪೇಟೆಂಟ್‌ಗಳಲ್ಲಿ ಹುಡುಕಿ. ಹುಡುಕುವ ತಾಣಗಳಾದ ಇನ್‌ಪಾಸ್, ಎಸ್ಪಾಸ್‌ನೆಟ್, ಗೂಗಲ್ ಪೇಟೆಂಟ್ಸ್ ಮೂರೂ ಉಚಿತ. 'ಕಾಫಿ' ಅಂತ ಹುಡುಕಬೇಡಿ, ಈಜುಕೊಳದ ಹೊದಿಕೆ, ಲಾರಿ ಟಾರ್ಪಾಲ್, ಕ್ರಿಕೆಟ್ ಪಿಚ್ ಕವರ್ ಅಂತ ಹುಡುಕಿ. ನಿಮ್ಮ ಕಮಾನಿನ ಅಣ್ಣ ತಮ್ಮಂದಿರು ಅಲ್ಲಿ ಸಿಗಬಹುದು. ಸಿಕ್ಕಿದರೆ ಮೊದಲ ಕ್ಲೇಮನ್ನು ಈಗಲೇ ಬಿಗಿ ಮಾಡಿ.

ಡಿಪೆಂಡೆಂಟ್ ಕ್ಲೇಮುಗಳು (ಹಿಂದಿನ ಕ್ಲೇಮಿಗೆ ಒಂದು ವಿವರ ಸೇರಿಸುವ ಕ್ಲೇಮುಗಳು) ಯಾಕೆ ಅಂತ ಬಹಳ ಜನ ಕೇಳುತ್ತಾರೆ. "ಕ್ಲೇಮು 1ರ ಸಾಧನ, ಇದರಲ್ಲಿ ಕಮಾನುಗಳು ಸ್ಪ್ರಿಂಗ್ ತಂತಿಯವು." "ಕ್ಲೇಮು 2ರ ಸಾಧನ, ಇದರಲ್ಲಿ ಕಮಾನಿನ ಬುಡದಲ್ಲಿ ಬಿಜಾಗರಿ ಇದೆ." ಒಂದನೇದು ಬಿದ್ದರೆ ಎರಡನೇದಕ್ಕೆ, ಅದೂ ಬಿದ್ದರೆ ಮೂರನೇದಕ್ಕೆ ಹಿಂದೆ ಸರಿದು ನಿಲ್ಲಬಹುದು. ಸೆಕ್ಷನ್ 59 ಓದಿದರೆ ಇದರ ಬೆಲೆ ಗೊತ್ತಾಗುತ್ತದೆ: ಅರ್ಜಿ ಹಾಕಿದ ಮೇಲೆ ಕ್ಲೇಮನ್ನು ಕಿರಿದು ಮಾಡಬಹುದು, ಮೊದಲಿದ್ದದ್ದಕ್ಕಿಂತ ಅಗಲ ಮಾಡುವಂತಿಲ್ಲ, ವಿವರಣೆಗೆ ಹೊಸ ಸಂಗತಿ ತುರುಕುವಂತೆಯೂ ಇಲ್ಲ.

ಕ್ಲೇಮು ಕೈಗೆ ಬಂದ ಮೇಲೆ ವಿವರಣೆ ಸಲೀಸು. ಕ್ಲೇಮಿನ ಪ್ರತಿ ಭಾಗಕ್ಕೂ ಚಿತ್ರದಲ್ಲಿ ಒಂದು ನಂಬರ್, ಪ್ರತಿ ನಂಬರಿಗೂ ಒಂದು ಪ್ಯಾರಾ. 'ಚಾಲಕ ಘಟಕ' ಅಂತ ಅಗಲವಾಗಿ ಬರೆದಿದ್ದೀರಲ್ಲ, ಅದು ಮೋಟಾರು ಆಗಿರಬಹುದು, ಭಾರ ಕಟ್ಟಿದ ರಾಟೆ ಆಗಿರಬಹುದು, ಸ್ಪ್ರಿಂಗ್ ಆಗಿರಬಹುದು ಅಂತ ಇಲ್ಲಿ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಅಗಲಕ್ಕೆ ಆಧಾರ ಇರುವುದಿಲ್ಲ. ನಿಮಗೆ ಗೊತ್ತಿರುವ ಅತ್ಯುತ್ತಮ ವಿಧಾನವನ್ನೂ ಬರೆಯಲೇಬೇಕು, ಅದನ್ನು ಜೇಬಿನಲ್ಲಿಟ್ಟುಕೊಳ್ಳಲು ಸೆಕ್ಷನ್ 10(4) ಬಿಡುವುದಿಲ್ಲ.

ಏನಕ್ಕೆ ಸಿಗಲ್ಲ ಅನ್ನೋದನ್ನು ಬೇಗ ಹೇಳಿಬಿಡುತ್ತೇನೆ. ಯಾವ ತಿಂಗಳು ಎಷ್ಟು ಮರಗಸಿ (ತೋಟದ ನೆರಳು ಮರಗಳ ಕೊಂಬೆ ಕಡಿಯೋದು) ಮಾಡಬೇಕು ಅನ್ನೋದು ಕೃಷಿ ವಿಧಾನ, 3(ಎಚ್) ಅಡ್ಡ ಬರುತ್ತದೆ. ಮರಗಸಿಗೆ ಹೊಸ ಕತ್ತಿ ಮಾಡಿದ್ದರೆ ಬೇರೆ ಮಾತು. ಅಜ್ಜಿ ಕಾಲದ ಕಷಾಯ 3(ಪಿ). ಬರೀ ಆ್ಯಪ್ ಆದರೆ 3(ಕೆ).

ಸಣ್ಣಪುಟ್ಟದ್ದು: ಶೀರ್ಷಿಕೆ ಸಾಮಾನ್ಯವಾಗಿ 15 ಪದ ಮೀರಬಾರದು, ಸಾರಾಂಶ 150 ಪದ. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ, ಆನ್‌ಲೈನಿನಲ್ಲೇ ಹಾಕಬಹುದು. ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ, ಶಿಕ್ಷಣ ಸಂಸ್ಥೆಗಳಿಗೆ ಶುಲ್ಕ 1600 ರೂಪಾಯಿ. ಇದರಲ್ಲಿ 30 ಪುಟ, 10 ಕ್ಲೇಮು ಸೇರುತ್ತವೆ. ಮೇಲಿನ ಪ್ರತಿ ಪುಟಕ್ಕೆ 160, ಪ್ರತಿ ಕ್ಲೇಮಿಗೆ 320. ಇಷ್ಟಕ್ಕೇ ಕಚೇರಿಯವರು ಅರ್ಜಿಯನ್ನು ಪರೀಕ್ಷೆಗೆ ಎತ್ತಿಕೊಳ್ಳುವುದಿಲ್ಲ, ಅದನ್ನು ಕೇಳುವ ಫಾರಂ 18 ಬೇರೆ ಹಾಕಬೇಕು, ಈಗಿನ ನಿಯಮದಲ್ಲಿ 31 ತಿಂಗಳೊಳಗೆ.

ಕೃಷಿ ಮೇಳದಲ್ಲಿ ಸ್ಟಾಲ್ ಹಾಕುವ ಆಸೆ ಇದ್ದರೆ, ವಿಡಿಯೊ ಮಾಡಿ ಹಂಚುವ ಆಸೆ ಇದ್ದರೆ, ಮೊದಲು ಅರ್ಜಿ. ಅರ್ಜಿಗೆ ಮುಂಚೆಯೇ ತೋರಿಸಿದ್ದು ಹೊಸತು ಅನ್ನಿಸಿಕೊಳ್ಳುವುದಿಲ್ಲ. ಸೆಕ್ಷನ್ 31ರಲ್ಲಿ ಇದಕ್ಕೆ 12 ತಿಂಗಳ ವಿನಾಯಿತಿ ಇದೆ ನಿಜ, ಪ್ರದರ್ಶನದ ಮಟ್ಟಿಗೆ ಅದು ಸರ್ಕಾರ ಅಧಿಸೂಚನೆ ಹೊರಡಿಸಿದಂಥವಕ್ಕೆ ಮಾತ್ರ. ಟೈಮ್ ಇಲ್ಲದಿದ್ದರೆ ಪ್ರಾವಿಷನಲ್ (ತಾತ್ಕಾಲಿಕ ಸ್ಪೆಸಿಫಿಕೇಶನ್) ಹಾಕಿ ದಿನಾಂಕ ಹಿಡಿದುಕೊಳ್ಳಿ, ಕಂಪ್ಲೀಟ್ ಸ್ಪೆಸಿಫಿಕೇಶನ್‌ಗೆ 12 ತಿಂಗಳು ಸಿಗುತ್ತದೆ. ಪ್ರಾವಿಷನಲ್‌ಗೆ ಕ್ಲೇಮು ಬೇಕಿಲ್ಲ, ಹಾಗಂತ ಅರ್ಧ ಪುಟ ಬರೆದು ಕೈತೊಳೆದುಕೊಂಡರೆ ಕೆಲಸ ಕೆಡುತ್ತದೆ: ಅದರಲ್ಲಿ ಸೆನ್ಸರು, ಮೋಟಾರು ಮಾತ್ರ ಬರೆದು ಕಮಾನು ಬಿಟ್ಟರೆ, ಕಮಾನಿಗೆ ಆ ಮೊದಲ ದಿನಾಂಕ ಸಿಗುವುದಿಲ್ಲ, ಕಂಪ್ಲೀಟ್ ಹಾಕಿದ ದಿನವೇ ಅದರ ದಿನಾಂಕ. ಮಧ್ಯದಲ್ಲಿ ಮೇಳಕ್ಕೆ ಹೋಗಿ ಕಮಾನು ತೋರಿಸಿ ಬಂದಿದ್ದರೆ ನಿಮ್ಮ ಸ್ಟಾಲಿನ ಫೋಟೋವನ್ನೇ ನಿಮ್ಮ ವಿರುದ್ಧ ಇಡುತ್ತಾರೆ.